ವ್ಯಾನಿಗೆ ಸುತ್ತಿದ ಪಟ್ಟಿಯೂ ಅತ್ತೆಯ ಪತ್ರೊಡೆಯೂ

ಸರಿಯಾಗಿ ನಡೆಯುತ್ತಿರುವ ವಸ್ತುವನ್ನು ಕಂಡರೆ ನನಗೆ ಒಂದು ಬಗೆಯ ಚಡಪಡಿಕೆ. ಇದು ಇನ್ನಷ್ಟು ಸರಿಯಾಗಿ ನಡೆಯಬಹುದಲ್ಲ ಎಂದು ಮನಸ್ಸು ಹೇಳುತ್ತದೆ. ಮನಸ್ಸು ಹೇಳಿ ಮುಗಿಸುವುದರೊಳಗೆ ಕೈಯಲ್ಲಿ ಸ್ಕ್ರೂಡ್ರೈವರ್ ಇರುತ್ತದೆ. ನಮ್ಮ ಮನೆಯ ಮಿಕ್ಸಿ ತುಂಬ ಸದ್ದು ಮಾಡುತ್ತದೆಂದು ಒಮ್ಮೆ ಅದರ ಅಡಿಗೆ ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ ಹಾಕಿದೆ. ಸದ್ದೇನೋ ಕಡಿಮೆಯಾಯಿತು. ಆದರೆ ಗಾಳಿಯಾಡುವ ಕಿಂಡಿಯೂ ಅದರ ಜೊತೆಗೆ ಮುಚ್ಚಿಹೋಗಿ, ಒಂದು ವಾರದಲ್ಲಿ ಸದ್ದು ಪೂರ್ತಿಯಾಗಿಯೇ ನಿಂತಿತು. ಕಾಣಿಯೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಅಲ್ಲಿಯ ಯಂತ್ರದ ಮೇಲೆ ರಿಪೇರಿಯವನು ‘ಒಳಗೆ ಕೈ ಹಾಕಬಾರದು’ ಎಂದು ಬರೆದು ಅಂಟಿಸಿದ್ದಾನೆ. ಗಿರಾಕಿಗಳಿಗಾಗಿ ಎಂದು ನಾನು ತಿಳಿದುಕೊಂಡಿದ್ದೆ. ಆ ಚೀಟಿ ಗಿರಾಕಿಗಳು ನಿಲ್ಲುವ ಕಡೆ ಅಲ್ಲ, ನಾನು ಕೂರುವ ಕಡೆ ಅಂಟಿದೆ ಎಂಬುದನ್ನು ತೋರಿಸಿಕೊಟ್ಟವಳು ನನ್ನ ಹೆಂಡತಿ ಸವಿತಾ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ, ಮುಂದೆ ಒಪ್ಪಿಕೊಳ್ಳಬೇಕಾದ ದೊಡ್ಡ ತಪ್ಪು ಸ್ವಲ್ಪ ಚಿಕ್ಕದಾಗಿ ಕಾಣಬಹುದು ಎಂಬ ಆಸೆಯಿಂದ ಇದನ್ನೆಲ್ಲ ಹೇಳುತ್ತಿದ್ದೇನೆ.

ನಮ್ಮಲ್ಲೊಂದು ಹಳೆಯ ವ್ಯಾನು ಇದೆ. ಮುಂದಿನ ಸೀಟಿನ ಅಡಿಯಲ್ಲೇ ಎಂಜಿನ್ ಇರುವ ಜಾತಿಯದು. ಬೇಸಗೆಯಲ್ಲಿ ಕಿಟಕಿ ತೆರೆದುಕೊಂಡು ಹೇಗೋ ಹೋಗಬಹುದು. ಮಳೆಗಾಲದಲ್ಲಿ ಗಾಜು ಏರಿಸಿಕೊಂಡು ನಮ್ಮೂರು ಪೆರಾಬೆಯಿಂದ ಪುತ್ತೂರಿನವರೆಗೆ ಹೋಗುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತು ಮುಚ್ಚಳ ಹಾಕಿಕೊಂಡ ಹಾಗೆ. ನನ್ನ ಪಕ್ಕದ ಆ ಸೀಟಿನಲ್ಲಿ ಖಾಯಂ ಆಗಿ ಕೂರುವವರು ನನ್ನ ಸೋದರತ್ತೆ ದೇವಕಿಯತ್ತೆ. ವಯಸ್ಸು ಎಪ್ಪತ್ತು ದಾಟಿದೆ, ಮನೆ ನಮ್ಮ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ಪ್ರತಿ ಶನಿವಾರ ನಾನು ಅಂಗಡಿಗೆ ಕಾಗದ ತರಲು ಪುತ್ತೂರಿಗೆ ಹೊರಟರೆ ಅವರಿಗೂ ಪುತ್ತೂರಿನಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತದೆ. ಕಾಣಿಯೂರು ದಾಟಿ ಮೊದಲ ಏರು ಬರುತ್ತಿದ್ದಂತೆ, ಎಂಟು ವರ್ಷಗಳಿಂದ ಒಂದು ವಾರವೂ ತಪ್ಪದೆ, “ಅಬ್ಬ ಸೆಕೆಯೇ! ಗಣಪ, ನನ್ನನ್ನು ಪೇಟೆಗೆ ಕರ್ಕೊಂಡು ಹೋಗುದಾ, ಬೇಯಿಸುದಾ?” ಎನ್ನುತ್ತಾರೆ. ಹಿಂದೆ ಕೂತುಕೊಳ್ಳಿ ಅತ್ತೆ ಎಂದರೆ, “ಹಿಂದೆ ಕೂತರೆ ರಸ್ತೆ ಕಾಣುದಿಲ್ಲ” ಎಂಬ ಉತ್ತರ. ರಸ್ತೆ ನೋಡಬೇಕಾದವನು ನಾನು ಎಂದು ಹೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.

ಈ ವರ್ಷದ ಮಳೆಗಾಲದಲ್ಲಿ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಒಂದು ವಿಡಿಯೋ ಕಣ್ಣಿಗೆ ಬಿತ್ತು. ಎಂಜಿನ್ನಿನೊಳಗೆ ಉರಿದ ಹೊಗೆಯೆಲ್ಲ ನಾಲ್ಕೈದು ಕೊಳವೆಗಳಿಂದ ಹೊರಬಂದು, ಬೆರಳುಗಳು ಅಂಗೈಗೆ ಸೇರಿದ ಹಾಗೆ ಒಂದೇ ಪೈಪಿಗೆ ಸೇರುತ್ತದೆ. ಆ ಕಬ್ಬಿಣದ ಕೈಗೆ ಮ್ಯಾನಿಫೋಲ್ಡ್ ಎಂದು ಹೆಸರು. ವ್ಯಾನಿನ ಬಿಸಿಯ ಮೂಲ ಅದೇ. ಗಾಜಿನ ನೂಲಿನಿಂದ ನೇಯ್ದ ಒಂದು ಪಟ್ಟಿ ಸಿಗುತ್ತದೆ. ಅದನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಮುರಿದ ಕೈಗೆ ಬ್ಯಾಂಡೇಜು ಸುತ್ತುವಂತೆ ಬಿಗಿಯಾಗಿ ಸುತ್ತಿ, ಸ್ಟೀಲಿನ ಪಟ್ಟಿಗಳಿಂದ ಕಟ್ಟಿದರೆ ಬಿಸಿ ಹೊರಗೆ ಬರದೆ ಸೀದಾ ಹಿಂದಿನಿಂದ ಹೊರಟುಹೋಗುತ್ತದಂತೆ. ವಿಡಿಯೋದಲ್ಲಿದ್ದ ಗಡ್ಡದ ಮನುಷ್ಯ ಇಷ್ಟನ್ನೂ ಎಂಟು ನಿಮಿಷದಲ್ಲಿ ಮುಗಿಸಿ, ಬಿಳಿ ಅಂಗಿಗೆ ಒಂದು ಕಲೆಯೂ ಆಗದಂತೆ ಎದ್ದುನಿಂತ. ನಾನು ಆ ಅಂಗಿಗೆ ಮರುಳಾದೆ.

ಪಟ್ಟಿ ತರಿಸಿಕೊಂಡು ನೆಲ್ಯಾಡಿಯ ಜೋಯಿಯ ಬಳಿ ಹೋದೆ. ಜೋಯಿ ನಮ್ಮ ವ್ಯಾನಿನ ಖಾಯಂ ಮೆಕ್ಯಾನಿಕ್. ಅವನ ಅಜ್ಜ ಕೇರಳದಿಂದ ಬಂದು ಇಲ್ಲಿ ರಬ್ಬರು ನೆಟ್ಟವರು. ಮೊಮ್ಮಗನ ಮಾತಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಒಂದೇ ಬೆಂಚಿನಲ್ಲಿ ಒತ್ತಿಕೊಂಡು ಕೂತಿರುತ್ತವೆ. ಅವನು ಪಟ್ಟಿಯನ್ನು ಕೈಯಿಂದ ಮುಟ್ಟದೆ ಸ್ಪಾನರಿನ ತುದಿಯಿಂದ ಹೊರಳಿಸಿ ನೋಡಿದ.

“ಅಣ್ಣಾ, ಇದು ರೇಸಿಗೆ ಹೋಗುವ ಗಾಡಿಗೆ ಹಾಕುದು. ನಿಮ್ಮ ವ್ಯಾನು ಎಲ್ಲಿ ರೇಸಿಗೆ ಹೋಗ್ತದೆ, ಪೆರಾಬೆಯಿಂದ ಕಾಣಿಯೂರಿಗಾ? ಸೀಟಿನ ಅಡಿಯ ಮುಚ್ಚಳದ ರಬ್ಬರು ಹೋಗಿದೆ, ಅಲ್ಲಿಂದ ಬಿಸಿ ಬರುದು. ಹೊಸ ರಬ್ಬರು ಹಾಕಿದರೆ ಸಾಕು, ಹತ್ತು ನಿಮಿಷದ ಕೆಲಸ.”

ನನಗೆ ಅವಮಾನವಾಯಿತು. ಎಂಟು ವರ್ಷಗಳ ಸೆಕೆಗೆ ಹತ್ತು ನಿಮಿಷದ ರಬ್ಬರಿನ ಪರಿಹಾರವೇ? ಕಾಯಿಲೆಗೆ ಒಂದು ಘನತೆ ಬೇಡವೇ? ನಾನು ಪಟ್ಟಿಯ ಸುರುಳಿಯನ್ನು ಎತ್ತಿಕೊಂಡು ಹೊರಟೆ. ಹಿಂದಿನಿಂದ ಜೋಯಿ ಕೂಗಿ ಹೇಳಿದ: “ಗ್ಲೌಸ್ ಹಾಕಿ ಅಣ್ಣಾ, ಅದು ಗಾಜು! ನೆನೆಸಿದ ನೀರನ್ನು ದೂರ ಚೆಲ್ಲಿ!” ಇಂಥ ಮಾತುಗಳು ನನ್ನ ಕಿವಿಗೆ ಬೀಳುತ್ತವೆ, ಆದರೆ ಒಳಗೆ ಹೋಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಅತ್ತೆಯ ಪತ್ರೊಡೆಯ ವಿಷಯ ಹೇಳಬೇಕು. ಆಷಾಢದ ಹೊತ್ತಿನ ಆಟಿ ತಿಂಗಳು ಬಂತೆಂದರೆ ನಮ್ಮ ಕಡೆ ಮನೆಮನೆಯಲ್ಲಿ ಕೆಸುವಿನೆಲೆಗೆ ಅಕ್ಕಿ, ಮಸಾಲೆ ಅರೆದು ಹಚ್ಚಿ, ಎಲೆಯ ಮೇಲೆ ಎಲೆ ಇಟ್ಟು ಸುರುಳಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ತಿನ್ನಲು ಬಹಳ ರುಚಿ, ಆದರೆ ಕೆಸು ತುರಿಸುವ ಜಾತಿ. ಹುಳಿ ಸ್ವಲ್ಪ ಕಡಿಮೆಯಾದರೂ ತಿಂದವರು ಗಂಟಲು ಕೆರೆದುಕೊಳ್ಳುತ್ತ ನಾಲಿಗೆ ಹೊರಗೆ ಹಾಕುತ್ತ ತಿರುಗಬೇಕಾಗುತ್ತದೆ. ಹಾಗಾಗಿ ಇಲ್ಲಿ ಪತ್ರೊಡೆ ಮಾಡುವವರ ಮರ್ಯಾದೆ ರುಚಿಯ ಮೇಲೆ ನಿಂತದ್ದಲ್ಲ, ತುರಿಸದಿರುವುದರ ಮೇಲೆ ನಿಂತದ್ದು. ದೇವಕಿಯತ್ತೆಯ ಪತ್ರೊಡೆ ಯಾರಿಗೂ ಎಂದೂ ತುರಿಸಿದ್ದಿಲ್ಲ. ನಾನು ಹಲ್ಲು ಬಂದಂದಿನಿಂದ ತಿಂದವನು, ನಾನೇ ಸಾಕ್ಷಿ. ಈ ಕೀರ್ತಿ ಪುತ್ತೂರಿಗೂ ಮುಟ್ಟಿ, ಅಲ್ಲಿಯ ಒಂದು ಮಹಿಳಾ ಮಂಡಳಿಯವರು ತಮ್ಮ ಆಟಿಯ ತಿಂಡಿಗಳ ಕಾರ್ಯಕ್ರಮಕ್ಕೆ ಇನ್ನೂರು ಜನರಿಗೆ ಪತ್ರೊಡೆ ಮಾಡಿಕೊಡಬೇಕೆಂದು ಅತ್ತೆಯನ್ನು ಕೇಳಿಕೊಂಡರು. ಅತ್ತೆ ಜೀವಮಾನದಲ್ಲಿ ಮೊದಲ ಬಾರಿಗೆ ಮನೆಯ ಹೊರಗೆ, ಸಭಾಭವನದಲ್ಲಿ, ಹೆಸರು ಕೂಗಿಸಿಕೊಂಡು ಅಡುಗೆ ಮಾಡುವವರಿದ್ದರು. ಒಂದು ತಿಂಗಳು ಮೊದಲೇ ಆ ದಿನದ ಸೀರೆ ತೆಗೆದಿಟ್ಟಿದ್ದರು. ಕಾರ್ಯಕ್ರಮಕ್ಕೂ ಮುಂಚೆ ಒಮ್ಮೆ ರುಚಿ ನೋಡಿಕೊಂಡು ಹೋಗಲು ಅಧ್ಯಕ್ಷೆ ಮತ್ತು ನಾಲ್ವರು ಸದಸ್ಯೆಯರು ಒಂದು ಭಾನುವಾರ ಊಟಕ್ಕೆ ಬರುವುದೆಂದಾಯಿತು. ಅತ್ತೆಯ ಮನೆಯಲ್ಲಿ ನೆಲಕ್ಕೆ ಟೈಲ್ಸ್ ಹಾಕುವ ಕೆಲಸ ನಡೆಯುತ್ತಿದ್ದುದರಿಂದ ಊಟ ನಮ್ಮ ಮನೆಯಲ್ಲಿ.

ನಾನು ಪಟ್ಟಿ ಸುತ್ತಲು ಆರಿಸಿಕೊಂಡದ್ದು ಅದರ ಹಿಂದಿನ ದಿನವನ್ನೇ, ಆ ಶನಿವಾರದ ಪುತ್ತೂರಿನ ಪ್ರಯಾಣವನ್ನೂ ಬಿಟ್ಟು. ಅತಿಥಿಗಳು ಬರುವ ಹೊತ್ತಿಗೆ ಮನೆಯಲ್ಲಿ ಗಂಡಸರು ಯಾವುದಾದರೂ ದೊಡ್ಡ ಕೆಲಸ ತೆಗೆದು ಅಂಗಳದ ತುಂಬ ಹರಡಿಕೊಳ್ಳುವುದು ವಾಡಿಕೆಯಲ್ಲವೇ. ಸೀಟು ಎತ್ತಿ, ತುಕ್ಕು ಹಿಡಿದ ನಟ್ಟುಗಳೊಂದಿಗೆ ಅರ್ಧ ದಿನ ಗುದ್ದಾಡಿ ಮ್ಯಾನಿಫೋಲ್ಡನ್ನು ಹೊರತೆಗೆದೆ. ಪಟ್ಟಿಯನ್ನು ಬಚ್ಚಲಿನ ನೀಲಿ ಬಕೆಟ್ಟಿನಲ್ಲಿ ನೆನೆಸಿದೆ. ಸಂಜೆ ಜಗಲಿಯಲ್ಲಿ ಕೂತು ಸುತ್ತತೊಡಗಿದೆ. ಕೆಸುವಿನೆಲೆ ಕೊಂಡುಬಂದ ಅತ್ತೆ ನನ್ನ ಹಿಂದೆ ನಿಂತು ನೋಡಿದರು.

“ಇದೆಂತ ಮಾರಾಯ, ನೀನೂ ಪತ್ರೊಡೆ ಸುತ್ತುದಾ?”

“ನಿಮ್ಮ ಸೆಕೆಗೆ ಮದ್ದು ಅತ್ತೆ. ಇನ್ನು ಸೀಟು ಬಿಸಿಯಾಗುದಿಲ್ಲ.”

“ಸಡಿಲ ಉಂಟು. ಕೊನೆಯಿಂದ ಬಿಗಿ ಎಳೆ” ಎಂದು ಅತ್ತೆ ತಾವೇ ತೋರಿಸಿಕೊಟ್ಟರು, ದೂರದಿಂದ, ಕೈ ಸನ್ನೆಯಲ್ಲಿ. ಅವರು ತೋರಿಸಿದ ಹಾಗೆಯೇ ಎಳೆದೆ, ಪಟ್ಟಿ ಅಚ್ಚುಕಟ್ಟಾಗಿ ಕೂತಿತು. ಗ್ಲೌಸ್ ಹಾಕಿಕೊಳ್ಳಲಿಲ್ಲ. ವಿಡಿಯೋದ ಗಡ್ಡದವನು ಹಾಕಿಕೊಂಡಿದ್ದನೋ ಏನೋ, ನಾನು ಅಂಗಿಯನ್ನಷ್ಟೇ ನೋಡಿದ್ದೆ. ಅಷ್ಟರಲ್ಲಿ ಒಳಗಿನಿಂದ ಸವಿತಾ, “ನಾಳೆಗೆ ಆ ಆರು ಬೈರಾಸು ಒಗೆದು ಒಲೆಯ ಮೇಲಿನ ಹಗ್ಗಕ್ಕೆ ಹಾಕ್ತೀರಾ?” ಎಂದಳು. ಕೈ ತೊಳೆದವರಿಗೆ ಒರಸಿಕೊಳ್ಳಲು ನಾವು ಕೊಡುವ ಹತ್ತಿಯ ಬೈರಾಸುಗಳು. ಬಕೆಟ್ಟಿನಲ್ಲಿ ನೀರು ಹೇಗೂ ಇತ್ತು. ನೀರು ನೀರೇ ತಾನೇ ಎಂದುಕೊಂಡು ಆರನ್ನೂ ಅದರಲ್ಲೇ ಅದ್ದಿ, ಹಿಂಡಿ, ಬಚ್ಚಲ ಒಲೆಯ ಮೇಲೆ ಒಣಹಾಕಿದೆ. ಹೆಂಡತಿಯ ಕೆಲಸಕ್ಕೆ ನೆರವಾದೆನೆಂಬ ತೃಪ್ತಿಯೂ ಆಯಿತು.

ಭಾನುವಾರ ಬೆಳಿಗ್ಗೆ ಮ್ಯಾನಿಫೋಲ್ಡನ್ನು ಮತ್ತೆ ಕೂರಿಸಿ ಎಂಜಿನ್ ಚಾಲೂ ಮಾಡಿದಾಗ ಬಿಳಿ ಹೊಗೆ ಎದ್ದಿತು. ಮೊದಲ ಸಲ ಹಾಗಾಗುತ್ತದೆ ಎಂದು ವಿಡಿಯೋದಲ್ಲಿ ಹೇಳಿದ್ದರು, ನಾನು ಸವಿತಾಳಿಗೆ ಹೇಳಿರಲಿಲ್ಲ. ಅವಳು ಒಂದು ಕೊಡ ನೀರು ಹಿಡಿದುಕೊಂಡು ಓಡಿಬಂದಳು. ಆ ಗಲಾಟೆ ಮುಗಿಯುವಾಗ ನನ್ನ ಕೈ, ಕುತ್ತಿಗೆ, ಬೆನ್ನು ಎಲ್ಲ ತುರಿಸತೊಡಗಿದ್ದವು. ಅಡುಗೆಮನೆಯ ಬಾಗಿಲ ದಾರಂದಕ್ಕೆ ಬೆನ್ನು ಕೊಟ್ಟು ಉಜ್ಜಿಕೊಂಡೆ. ಅತ್ತೆ ಪತ್ರೊಡೆಯ ಸುರುಳಿಗಳನ್ನು ಪಾತ್ರೆಯಲ್ಲಿ ಜೋಡಿಸುತ್ತ ಒಮ್ಮೆ ತಲೆ ಎತ್ತಿ ನೋಡಿದರು. ಮತ್ತೆ ಸುರುಳಿಗಳತ್ತ ಬಗ್ಗಿದರು.

ಊಟ ಸೊಗಸಾಗಿ ನಡೆಯಿತು. ಅಧ್ಯಕ್ಷೆ ಮೂರು ಸಲ ಪತ್ರೊಡೆ ಹಾಕಿಸಿಕೊಂಡರು. ಎಲ್ಲರೂ ಕೈ ತೊಳೆದು, ಬೈರಾಸಿನಿಂದ ಕೈ ಬಾಯಿ ಒರಸಿಕೊಂಡು, ಚಾವಡಿಯಲ್ಲಿ ಎಲೆ ಅಡಿಕೆಯ ಮುಂದೆ ಕೂತರು. ಮೊದಲು ಒಬ್ಬರು ಸದಸ್ಯೆ ಮಣಿಗಂಟು ಕೆರೆದುಕೊಂಡರು. ಆಮೇಲೆ ಇನ್ನೊಬ್ಬರು ತುಟಿಯ ಸುತ್ತ. ಅಧ್ಯಕ್ಷೆ ಸಭ್ಯತೆಯಿಂದ ಸೆರಗಿನ ಮರೆಯಲ್ಲಿ ಗಲ್ಲ ಕೆರೆದುಕೊಂಡು, ಕೊನೆಗೆ ತಡೆಯಲಾರದೆ, “ದೇವಕಿಯಮ್ಮ, ಪತ್ರೊಡೆ ಸ್ವಲ್ಪ... ತುರಿಸ್ತದೆ ಅಂತ ಕಾಣ್ತದೆ” ಎಂದರು. ಅತ್ತೆಯೂ ಅದೇ ಪತ್ರೊಡೆ ತಿಂದಿದ್ದರು. ಅವರಿಗೆ ಏನೂ ಆಗಿರಲಿಲ್ಲ. ಅವರು ಕೈ ಒರಸಿಕೊಂಡದ್ದು ತಮ್ಮ ಸೆರಗಿಗೆ. ಅದು ಹೊಳೆದ ಕ್ಷಣದಲ್ಲೇ ಅಧ್ಯಕ್ಷೆಯ ತೊಡೆಯ ಮೇಲಿದ್ದ ಬೈರಾಸಿನಲ್ಲಿ ಒಂದೆರಡು ಸಣ್ಣ ಎಳೆಗಳು ಮಿಣುಕಿದವು.

ಅತ್ತೆ ನನ್ನ ಕಡೆ ತಿರುಗಿದರು. “ನಿನಗೆ ಹೇಗೆ ಉಂಟು ಗಣಪ? ನಿನಗೂ ತುರಿಸ್ತದಾ?”

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಅವಕಾಶ ಯಾರಿಗೂ ಸಿಕ್ಕಿರಲಾರದು. ಐವರು ಅಪರಿಚಿತ ಹೆಂಗಸರ ಮುಖಕ್ಕೆ ಗಾಜಿನ ಪುಡಿ ಉಜ್ಜಿದವನು ನಾನು ಎಂದು ಹೇಳಬೇಕಿತ್ತು, ಅಷ್ಟೇ. ನನ್ನ ಬಾಯಿಂದ ಬಂದದ್ದು, “ಹೂಂ ಅತ್ತೆ, ಸ್ವಲ್ಪ.”

ಅತ್ತೆ ಒಳಗೆ ಹೋಗಿ ಎಲ್ಲರಿಗೂ ತೆಂಗಿನೆಣ್ಣೆ ತಂದುಕೊಟ್ಟರು. ಮರುದಿನ ಅಧ್ಯಕ್ಷೆಗೆ ತಾವೇ ಫೋನು ಮಾಡಿ, “ನನ್ನಿಂದ ಆಗುದಿಲ್ಲ, ಬೇರೆ ಯಾರನ್ನಾದರೂ ನೋಡಿ” ಎಂದುಬಿಟ್ಟರು. ನಮ್ಮ ಮನೆಯಲ್ಲಿಟ್ಟಿದ್ದ ದೊಡ್ಡ ಹಬೆ ಪಾತ್ರೆಯನ್ನು ತೊಳೆದು ತಮ್ಮ ಅಟ್ಟಕ್ಕೆ ಏರಿಸಿದರು. ಮುಂದಿನ ಶನಿವಾರ ವ್ಯಾನಿನಲ್ಲಿ ನನ್ನ ಪಕ್ಕ ಕೂತರು. ಸೀಟು ತಣ್ಣಗಿತ್ತು, ನನ್ನ ಕೆಲಸ ಅಷ್ಟು ಚೆನ್ನಾಗಿತ್ತು. ಕಾಣಿಯೂರು ದಾಟಿತು, ಏರು ಬಂತು, ಅತ್ತೆ ಮಾತಾಡಲಿಲ್ಲ. ಎಂಟು ವರ್ಷ ನನ್ನ ತಲೆ ತಿಂದ ಆ ಮಾತು ಬಾರದೆ ಆ ಏರು ಮುಗಿಯುವುದೇ ಇಲ್ಲವೇನೋ ಎನಿಸಿತು. ನನಗೆ ನಾಚಿಕೆಯಾಯಿತು, ಮೈ ತುಂಬ ನಾಚಿಕೆ. ಆದರೂ ಹೇಳಲಿಲ್ಲ.

ಹೇಳಿಸಿದವಳು ಸವಿತಾ. ನೀಲಿ ಬಕೆಟ್ಟು ತೊಳೆಯಲು ಹೋಗಿ ಮೊಣಕೈವರೆಗೆ ತುರಿಸಿಕೊಂಡು ಬಂದಳು. ಬಕೆಟ್ಟನ್ನು ಬಿಸಿಲಿಗೆ ಹಿಡಿದು ತಳದಲ್ಲಿ ಮಿನುಗುತ್ತಿದ್ದ ಪುಡಿಯನ್ನು ತೋರಿಸಿದಳು. ನಾನು ಎಲ್ಲ ಹೇಳಿದೆ. ಅವಳು ಬೈಯಲಿಲ್ಲ, ಅದು ಇನ್ನೂ ಕಷ್ಟ. “ಅತ್ತೆಗೆ ನೀವು ಹೇಳ್ತೀರಾ, ನಾನು ಹೇಳುದಾ?” ಎಂದಷ್ಟೇ ಕೇಳಿದಳು.

ಹೋದೆ. ಅತ್ತೆ ಹೊಸ ಟೈಲ್ಸಿನ ಮೇಲೆ ಕಾಲು ಚಾಚಿ ಕೂತು ಬೀನ್ಸ್ ಮುರಿಯುತ್ತಿದ್ದರು. ಪಟ್ಟಿ, ಬಕೆಟ್ಟು, ಬೈರಾಸು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ.

“ಗೊತ್ತುಂಟು” ಎಂದರು ಅತ್ತೆ. “ಪಾತ್ರೆ ಒಲೆ ಮೇಲೆ ಇಡುವ ಮೊದಲೇ ನೀನು ದಾರಂದಕ್ಕೆ ಬೆನ್ನು ಉಜ್ಜುತ್ತಾ ಇದ್ದೆ. ನಾನೆಂತ ಕುರುಡಿಯಾ?”

“ಮತ್ತೆ ಅವರೆದುರು ಹೇಳಬಹುದಿತ್ತಲ್ಲ ಅತ್ತೆ?”

“ನೀನು ಹೇಳ್ತಿಯ ಅಂತ ಕಾದೆ. ಅದಕ್ಕೇ ನಿನ್ನನ್ನು ಕೇಳಿದ್ದು.” ಎರಡು ಬೀನ್ಸ್ ಮುರಿದರು. “ಅವರು ತುರಿಸ್ತದೆ ಅಂದದ್ದಕ್ಕೆ ನನಗೆ ಬೇಜಾರಿಲ್ಲ. ಅವರು ಹೊರಗಿನವರು. ನೀನು ಹೂಂ ಅಂದಿಯಲ್ಲ, ಅದಕ್ಕೆ ಬೇಜಾರು. ನನ್ನ ಕೈಯಿಂದ ತಿಂದು ಬೆಳೆದವ ನೀನು.”

ನಾನು ಅಲ್ಲೇ ಕೂತು ಅಧ್ಯಕ್ಷೆಗೆ ಫೋನು ಮಾಡಿದೆ. ಆಕೆ ಪೂರ್ತಿ ನಂಬಲಿಲ್ಲ. ಬಂಧುಗಳು ಹಾಗೆ ಹೇಳುವುದು ಸಹಜ ಎಂಬ ಧಾಟಿಯಲ್ಲಿ ನಕ್ಕರು. ಆದರೆ ಇನ್ನೂರು ಜನರಿಗೆ ಪತ್ರೊಡೆ ಸುತ್ತಲು ಬೇರೆ ಯಾರೂ ಸಿಕ್ಕಿರಲಿಲ್ಲ. “ಆಯ್ತು, ದೇವಕಿಯಮ್ಮನನ್ನೇ ಕರ್ಕೊಂಡು ಬನ್ನಿ” ಎಂದರು. ಅತ್ತೆಯ ಮುಖ ಸ್ವಲ್ಪ ಅರಳಿತು. ಒಂದು ಷರತ್ತು ಹಾಕಿದರು.

“ಆ ಪಟ್ಟಿ ಬಿಚ್ಚು. ಸೀಟು ತಣ್ಣಗಾಗಿ ಮೊನ್ನೆ ನನ್ನ ಸೊಂಟ ಹಿಡಿಯಿತು. ಆ ಬಿಸಿಗೆ ಸೊಂಟ ಸಲೀಸು ಇರ್ತಿತ್ತು.”

“ಎಂಟು ವರ್ಷದಿಂದ ಸೆಕೆ ಸೆಕೆ ಅಂತ ಹೇಳಿದ್ದು ನೀವಲ್ವಾ ಅತ್ತೆ!”

“ಸೆಕೆ ಅಂತ ಹೇಳಿದೆ. ಬೇಡ ಅಂತ ಹೇಳಿದೆನಾ?”

ಕಾರ್ಯಕ್ರಮದ ಹಿಂದಿನ ದಿನ ಪಟ್ಟಿ ಬಿಚ್ಚಿದೆ. ಈ ಸಲ ಜೋಯಿಯ ಮಾತು ನೆನಪಿಟ್ಟುಕೊಂಡು ಗ್ಲೌಸ್ ಹಾಕಿದೆ. ಆದರೆ ಕುತ್ತಿಗೆಗೆ ಗ್ಲೌಸ್ ಇರುವುದಿಲ್ಲ. ಬಿಸಿಗೆ ಸುಟ್ಟು ಪುಡಿಪುಡಿಯಾಗಿದ್ದ ಪಟ್ಟಿ ಮುಟ್ಟಿದರೆ ಉದುರುತ್ತಿತ್ತು. ಎರಡು ಸಲ ಸ್ನಾನ ಮಾಡಿದರೂ ಕಡಿಮೆಯಾಗಲಿಲ್ಲ. ಮರುದಿನ ಪುತ್ತೂರಿನ ಸಭಾಭವನದಲ್ಲಿ ಮೊದಲ ಸಾಲಿನಲ್ಲಿ, ಪತ್ರೊಡೆಯ ಅಮ್ಮನ ಸೋದರಳಿಯ ಎಂಬ ಗೌರವದ ಕುರ್ಚಿಯಲ್ಲಿ ಕೂತು, ಎರಡೂ ಕೈಗಳಿಂದ ಕುತ್ತಿಗೆ ಕೆರೆದುಕೊಳ್ಳುತ್ತಿದ್ದೆ. ತೊಡೆಯ ಮೇಲೆ ಅಡಿಕೆ ಹಾಳೆಯ ತಟ್ಟೆ, ತಟ್ಟೆಯಲ್ಲಿ ಅರ್ಧ ತಿಂದ ಪತ್ರೊಡೆ. ಪಕ್ಕದ ಹೆಂಗಸು ನನ್ನನ್ನು ನೋಡಿದರು, ತಮ್ಮ ತಟ್ಟೆ ನೋಡಿದರು, ಮೆಲ್ಲನೆ ಅದನ್ನು ಕುರ್ಚಿಯ ಕೆಳಗಿಟ್ಟು ಹಿಂದಿನವರ ಕಿವಿಯಲ್ಲಿ ಏನೋ ಹೇಳಿದರು. “ತುರಿಸ್ತದಂತೆ” ಎಂಬ ಮಾತು ಸಾಲಿನಿಂದ ಸಾಲಿಗೆ ಹೋಗುವುದು ನನಗೆ ಕೇಳಿಸಿತು. ಒಂದೊಂದೇ ತಟ್ಟೆ ಕೆಳಗಿಳಿಯಿತು. ಅಧ್ಯಕ್ಷೆಯ ಮುಖ ಬಾಡಿತು. ಬಡಿಸುವ ಮೇಜಿನ ಹಿಂದೆ, ತಿಂಗಳ ಹಿಂದೆ ತೆಗೆದಿಟ್ಟ ಸೀರೆ ಉಟ್ಟು, ಕೈಯಲ್ಲಿ ಚಟ್ಟುಕ ಹಿಡಿದು ನಿಂತ ಅತ್ತೆ ಮತ್ತೆ ನನ್ನನ್ನೇ ನೋಡುತ್ತಿದ್ದರು. ಈ ಸಲ ಏನೂ ಕೇಳಲಿಲ್ಲ.

ನಾನು ಎದ್ದು ಹೋಗಿ ನಿರೂಪಕಿಯ ಕೈಯಿಂದ ಮೈಕು ತೆಗೆದುಕೊಂಡೆ. ಜೀವಮಾನದಲ್ಲಿ ಮೈಕಿನಲ್ಲಿ ಮಾತಾಡಿದವನಲ್ಲ. “ನನಗೆ ತುರಿಸುದು ಪತ್ರೊಡೆಯಿಂದ ಅಲ್ಲ” ಎಂದು ಶುರುಮಾಡಿದೆ. ಮ್ಯಾನಿಫೋಲ್ಡು, ಗಡ್ಡದವನ ಅಂಗಿ, ನೀಲಿ ಬಕೆಟ್ಟು, ಐದು ಜನರ ಮುಖ ಒರಸಿದ ಬೈರಾಸು, ಕೊನೆಗೆ ನನ್ನ ‘ಹೂಂ’ ಕೂಡ ಬಿಡದೆ ಹೇಳಿದೆ. ಅಂಗಿಯ ತೋಳು ಮಡಚಿ ಕೆಂಪು ದದ್ದುಗಳನ್ನು ತೋರಿಸಿದೆ. ಆಮೇಲೆ ಎಲ್ಲರೆದುರು ನಾಲ್ಕು ತುಂಡು ಪತ್ರೊಡೆ ತಿಂದು ನಾಲಿಗೆ ಹೊರಚಾಚಿ ತೋರಿಸಿದೆ. ಇನ್ನೂರು ಜನ ನಕ್ಕರು. ಅಧ್ಯಕ್ಷೆ ತಾವೇ ಬಂದು ತಟ್ಟೆ ಚಾಚಿ ನಾಲ್ಕನೆಯ ಸಲ ಹಾಕಿಸಿಕೊಂಡರು. ಕುರ್ಚಿಯ ಕೆಳಗಿನ ತಟ್ಟೆಗಳು ಮೇಲೆ ಬಂದವು, ಪಾತ್ರೆ ಬರಿದಾಯಿತು. ಹೊರಡುವಾಗ ಸುಳ್ಯದ ಕಡೆಯ ಒಬ್ಬರು ನನ್ನನ್ನು ತಡೆದು ನಿಲ್ಲಿಸಿ, “ಆ ಪಟ್ಟಿ ಎಲ್ಲಿ ಸಿಗ್ತದೆ ಮಾರಾಯ್ರೆ? ನಮ್ಮ ಜೀಪಿನಲ್ಲಿಯೂ ಭಾರಿ ಬಿಸಿ ಉಂಟು” ಎಂದು ಕೇಳಿದರು. ಅವರಿಗೆ ಜೋಯಿಯ ವಿಳಾಸ ಕೊಟ್ಟು, ಅವನು ರಬ್ಬರು ಅಂದರೆ ರಬ್ಬರನ್ನೇ ಹಾಕಿಸಿ ಎಂದು ಕೈಮುಗಿದೆ.

ಹಿಂದಿರುಗುವಾಗ ಮಳೆ ಇತ್ತು, ಗಾಜು ಏರಿಸಿದ್ದೆವು. ಅತ್ತೆಯ ಮಡಿಲಲ್ಲಿ ಮಂಡಳಿಯವರು ಕೊಟ್ಟ ಹಣ್ಣಿನ ಬುಟ್ಟಿ, ಹೆಗಲ ಮೇಲೆ ಅವರೇ ಹೊದೆಸಿದ ಶಾಲು. ಪುತ್ತೂರು ದಾಟುವವರೆಗೆ ಯಾರು ಯಾರು ಎಷ್ಟು ತುಂಡು ತಿಂದರೆಂದು ಹೇಳುತ್ತಿದ್ದರು. ಆಮೇಲೆ ಸೀಟು ಬಿಸಿಯಾಗತೊಡಗಿತು. ಅತ್ತೆ ಸೊಂಟವನ್ನು ಸೀಟಿಗೆ ಒತ್ತಿ ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಕಾಣಿಯೂರು ಹತ್ತಿರವಾಗುತ್ತಿದ್ದಂತೆ ಶಾಲು ತೆಗೆದು ಅದರಿಂದಲೇ ಗಾಳಿ ಬೀಸಿಕೊಂಡರು.

“ಅಬ್ಬ ಸೆಕೆಯೇ! ಗಣಪ, ಈ ಬಿಸಿಗೆ ಎಂತಾದರೂ ಮಾಡ್ಲಿಕ್ಕೆ ಆಗುದಿಲ್ವಾ?”

ಹೂಂ ಎನ್ನಲು ತೆರೆದ ಬಾಯನ್ನು ಹಾಗೆಯೇ ಮುಚ್ಚಿಕೊಂಡು, ಎರಡೂ ಕೈಗಳಿಂದ ಸ್ಟೇರಿಂಗ್ ಹಿಡಿದುಕೊಂಡು ಕೂತೆ.